ಗಾಳದ ಮೇಲೆ ಕಣ್ಣು, ಹೊಳೆಯತ್ತ ಬೆನ್ನು

1946ರಲ್ಲಿ ಕಬಿನಿ ಹೊಳೆಯಲ್ಲಿ ಜೆ. ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದ ಮಹಶೀರ್ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವ ಬಂದಂತೆ ನಿಲ್ಲಿಸುವ ಕಸುಬಿಗೆ ಹೆಸರಾದ ಮೈಸೂರಿನ ಮನೆತನ ಅವರದು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ದಾಖಲೆಗೆ ಬಂದ ಅತಿ ದೊಡ್ಡ ಮೀನೆಂದು ಅದನ್ನು ಇಂದಿಗೂ ಹೇಳುತ್ತಾರೆ. ಅದಾದ 72 ವರ್ಷಕ್ಕೆ, 2018ರಲ್ಲಿ, ಕಾವೇರಿ ಕಣಿವೆಯ ಈ ದೈತ್ಯ ಮಹಶೀರ್‌ನ ಪಾಲಿಗೆ ಎರಡು ಸಂಗತಿಗಳು ಒಟ್ಟಿಗೆ ನಡೆದವು. ವಿಜ್ಞಾನಿಗಳು ಅದರ ಹೆಸರಿನ ಗೊಂದಲ ಬಿಡಿಸಿ ‘ಟಾರ್ ರೆಮದೇವಿ’ ಎಂದು ಗುರುತಿಸಿದರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿಗೆ ತೀರಾ ಹತ್ತಿರವಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಈ ನಡುವಿನ ಅವಧಿಯಲ್ಲಿ ಆ ಮೀನನ್ನು ಯಾರೂ ಕೇಳುವವರಿರಲಿಲ್ಲ ಎನ್ನುವಂತಿಲ್ಲ. ಅದಕ್ಕೆಂದೇ ಕಾವಲು ಇತ್ತು, ಹಿಡಿದರೆ ಬಿಡಬೇಕೆಂಬ ಕಟ್ಟಳೆ ಇತ್ತು, ಅದರ ಹೊಳೆಗೆ ವನ್ಯಧಾಮದ ಪಟ್ಟ ಇತ್ತು, ಮರಿ ಬಿತ್ತುವ ಯೋಜನೆಯೂ ಇತ್ತು. ಇಷ್ಟೆಲ್ಲದರ ಕಣ್ಣೆದುರೇ ಅದು ಕರಗಿತು. ಹಾಗೇಕಾಯಿತು ಎಂದು ಹುಡುಕಿದರೆ ಒಂದು ಉತ್ತರ ಮತ್ತೆ ಮತ್ತೆ ಎದುರಾಗುತ್ತದೆ: ನಾವು ಮಾಡಿದ ನಿಯಮಗಳೆಲ್ಲ ಮೀನನ್ನು ಹೇಗೆ ಹಿಡಿಯಬೇಕು, ಹಿಡಿಯಬಹುದೇ ಬಾರದೇ ಎಂಬುದನ್ನಷ್ಟೇ ಕೇಳಿದವು. ನೀರಿನಲ್ಲಿ ಯಾವ ಮೀನು ಇದೆ, ಅದಕ್ಕೆ ಎಂಥ ಹೊಳೆ ಬೇಕು ಎಂಬ ಪ್ರಶ್ನೆಗಳು ಕೊನೆಯಲ್ಲಿ ಬಂದವು.

ಮೀನಿನ ಸುತ್ತ ನಿಯಮ ಕಟ್ಟುವುದು ನಮಗೆ ಇಂಗ್ಲಿಷರು ಕಲಿಸಿದ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನ 12ನೇ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಬಗೆಗಳು, ಯಾವ ಮೀನಿಗೆ ಯಾವ ಆಹಾರ ಒಡ್ಡಬೇಕು, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬರುತ್ತದೆ. ಹೊಟ್ಟೆಪಾಡಿಗೆ ಹಿಡಿಯುವುದಕ್ಕೂ ವಿನೋದಕ್ಕೆ ಹಿಡಿಯುವುದಕ್ಕೂ ನಡುವೆ ಗೆರೆ ಎಳೆದದ್ದು ಅಷ್ಟು ಹಳೆಯದು. ಇದಕ್ಕೆ ಎದುರು ದಿಕ್ಕಿನಿಂದ ಬಂದದ್ದು ದೇವಸ್ಥಾನಗಳ ಕಟ್ಟುಪಾಡು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಬಳಿ ಕಾವೇರಿಯಲ್ಲಿ ಗುಡಿಯ ಮುಂದಿನ ಮಡುವಿನ ಮೀನುಗಳು ದೇವರ ಮೀನುಗಳು. ಭಕ್ತರು ಪುರಿ ಎರಚುತ್ತಾರೆ, ಗಾಳ ಹಾಕುವುದಿಲ್ಲ. ಮೀನನ್ನು ಬೇಟೆಯಾಗಿ ಕಂಡ ಅರಮನೆಯ ನಿಯಮಕ್ಕಿಂತ ಗುಡಿಯ ನಿಯಮ ಒಂದು ವಿಷಯದಲ್ಲಿ ಮುಂದಿತ್ತು: ಅದು ಕಾಯುತ್ತಿದ್ದದ್ದು ಹೊಳೆಯ ಒಂದು ತುಂಡನ್ನು, ಅಲ್ಲಿನ ಎಲ್ಲ ಮೀನುಗಳೊಂದಿಗೆ. ಅದರ ಮಿತಿಯೂ ಅಲ್ಲೇ ಇತ್ತು. ಮಳೆಗಾಲದಲ್ಲಿ ಮಹಶೀರ್ ಮೊಟ್ಟೆಯಿಡಲು ಪ್ರವಾಹದೆದುರು ಮೇಲಕ್ಕೆ ಹತ್ತುತ್ತದೆ, ತಿಳಿನೀರು ಹರಿಯುವ ಜಲ್ಲಿಯ ನೆಲ ಹುಡುಕುತ್ತದೆ. ಗುಡಿಯ ಮಡುವಿನ ಹೊರಗೆ ಕಾಲಿಟ್ಟ ಕೂಡಲೇ ಅದಕ್ಕೆ ದೇವರ ರಕ್ಷೆ ಇರಲಿಲ್ಲ.

ಮೀನಿಗಾಗಿ ಸರ್ಕಾರಿ ಕಾನೂನು ಬೇಕೆಂಬ ಮಾತು ನಮ್ಮ ಸೀಮೆಯಲ್ಲಿ ಗಟ್ಟಿಯಾಗಿ ಕೇಳಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಮದ್ರಾಸ್ ಸಿವಿಲ್ ಸರ್ವಿಸ್‌ನ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಜಿಲ್ಲೆಯ ಹೊಳೆಗಳ ಮೀನುಗಾರಿಕೆ ಕುರಿತು 1870ರಲ್ಲಿ ವರದಿ ಬರೆದರು. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಅವರ ಪುಸ್ತಕ ಮಹಶೀರ್ ಅನ್ನು ವಿಲಾಯತಿಯ ಸಾಲ್ಮನ್‌ಗಿಂತ ಮೇಲಿನ ಆಟದ ಮೀನೆಂದು ಹೊಗಳಿತು. ಗಾಳದ ಹುಚ್ಚೂ ಸಂರಕ್ಷಣೆಯ ಕಾಳಜಿಯೂ ಒಬ್ಬನೇ ಅಧಿಕಾರಿಯಲ್ಲಿ ಕೂಡಿದ್ದು ಆಕಸ್ಮಿಕವಲ್ಲ. ಆಟ ಉಳಿಯಬೇಕಾದರೆ ಮೀನು ಉಳಿಯಬೇಕು ಎಂಬ ಸ್ವಾರ್ಥವೇ ಆ ಕಾಲದ ಸಂರಕ್ಷಣೆಯ ಬೇರು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ತೋಟೆ ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧವೆಂದಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳಿಗೂ ಮೀನಿಗೂ ಸೇರಿಸಿ ಒಂದು ರಕ್ಷಣಾ ನಿಬಂಧನೆ ತಂದಿತು. ಎರಡರಲ್ಲೂ ಕಾನೂನಿನ ಕಣ್ಣಿದ್ದದ್ದು ಹಿಡಿಯುವವನ ಕೈಮೇಲೆ. ತೋಟೆ ತಪ್ಪು, ಗಾಳ ಸರಿ. ಪರವಾನಗಿ ಇಲ್ಲದ್ದು ತಪ್ಪು, ಇದ್ದದ್ದು ಸರಿ. ತೋಟೆ ಮಡುವಿನ ಮೀನನ್ನು ಮರಿಯೂ ಉಳಿಯದಂತೆ ಗುಡಿಸುತ್ತದಾದ್ದರಿಂದ ಆ ನಿಷೇಧ ನ್ಯಾಯವಾದದ್ದೇ. ಆದರೆ ಅದೇ ದಶಕಗಳಲ್ಲಿ ಹೊಳೆಯೇ ಬದಲಾಗತೊಡಗಿದ್ದನ್ನು ಈ ಕಾನೂನುಗಳು ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ 1930ರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. 1934ರಲ್ಲಿ ಕೆಳಗೆ ಮೆಟ್ಟೂರು ಅಣೆಕಟ್ಟು ಎದ್ದಿತು. 1970ರ ದಶಕದಲ್ಲಿ ಕಬಿನಿಗೂ ಕಟ್ಟೆ ಬಿತ್ತು. ಬಯಲು ಸೀಮೆಗೆ ಅನ್ನ ಕೊಟ್ಟ, ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿಗೆ ಬೆಳಕು ಕೊಟ್ಟ ಈ ಕೆಲಸಗಳ ಹಿರಿಮೆಯನ್ನು ಮೀನಿನ ನೆಪದಲ್ಲಿ ಕಿರಿದು ಮಾಡಬೇಕಿಲ್ಲ. ಮೀನಿನ ಪಾಲಿಗೆ ಮಾತ್ರ ಅವುಗಳ ಅರ್ಥ ಬೇರೆ. ಮೇಲೆ ಹತ್ತುವ ದಾರಿ ಮುಚ್ಚಿತು, ಮಳೆಗಾಲದ ಪ್ರವಾಹ ತೂಬಿನ ಮರ್ಜಿಗೆ ಬಂತು, ಬೇಸಿಗೆಯಲ್ಲಿ ನೀರು ಬೆಳಿಗ್ಗೆ ಒಂದು ಮಟ್ಟ, ಸಂಜೆ ಇನ್ನೊಂದು ಮಟ್ಟ. ದೊಡ್ಡ ಮಹಶೀರ್‌ಗೆ ತಕ್ಕ ಹರಿವು, ಆಳವಾದ ಮಡು, ಬಂಡೆಗಳ ನಡುವಿನ ಝರಿ ಇವೆಲ್ಲ ಒಟ್ಟಿಗೆ ಉಳಿದ ಮುಖ್ಯ ನೆಲೆಯೆಂದರೆ ಶಿವನಸಮುದ್ರದ ಜಲಪಾತದ ಕೆಳಗೆ ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ದಾಟಿ ಸಂಗಮ, ಮೇಕೆದಾಟಿನತ್ತ ಇಳಿಯುವ ಕಣಿವೆ. ಮಂಡ್ಯ, ರಾಮನಗರ, ಚಾಮರಾಜನಗರ ಸೀಮೆಗಳ ನಡುವಿನ ಈ ಕಾಡುಹೊಳೆಯೇ ಮುಂದಿನ ಕಥೆಯ ರಂಗ.

ಸ್ವಾತಂತ್ರ್ಯದ ನಂತರ ಗಾಳದ ದೊರೆಗಳು ಹೋದರು, ಅವರ ಜತೆ ಪರವಾನಗಿಯ ಕಾವಲೂ ಸಡಿಲವಾಯಿತು, ತೋಟೆ ಉಳಿಯಿತು. ಕಾವೇರಿಯ ದೈತ್ಯ ಮೀನುಗಳ ಕಾಲ ಮುಗಿಯಿತೆಂದೇ ಹೊರದೇಶದ ಗಾಳಗಾರರು ನಂಬಿದ್ದರು. 1970ರ ದಶಕ ಈ ನಂಬಿಕೆಯನ್ನು ತಿರುಗಿಸಿತು. 1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ, ಎಲ್ಲರ ಬಾಯಲ್ಲಿ ‘ವಾಸಿ’, ಹುಟ್ಟಿತು. ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಗೆ ನಿಂತಿತು. ಅದೇ ದಶಕದ ಕೊನೆಯಲ್ಲಿ ಮಹಶೀರ್ ಹುಡುಕಿಕೊಂಡು ಬಂದ ಮೂವರು ಇಂಗ್ಲಿಷ್ ತರುಣರು ಇಲ್ಲಿ ತೊಂಬತ್ತು ಪೌಂಡ್ ಮೀರಿದ ಮೀನು ಹಿಡಿದರು. ಸುದ್ದಿ ಬ್ರಿಟನ್ನಿನ ಗಾಳಪ್ರಿಯರನ್ನು ಮುಟ್ಟಿತು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಮುಂದೆ ಭೀಮೇಶ್ವರಿಯಲ್ಲಿ ಶಿಬಿರ ತೆರೆಯಿತು. ದೊಡ್ಡಮಾಕಳಿ, ಗಾಳಿಬೋರೆಗಳೂ ಗಾಳದ ಭೂಪಟದಲ್ಲಿ ಹೆಸರಾದವು. ಕಾವೇರಿ ಎಂದರೆ ನೀರಿನ ಜಗಳವೆಂದಷ್ಟೇ ಕೇಳಿ ಗೊತ್ತಿದ್ದ ಕಾಲದಲ್ಲಿ, ಈ ಹೊಳೆದಂಡೆಯ ಮುತ್ತತ್ತಿಯ ಸುತ್ತಿನ ಹಳ್ಳಿಗಳಿಗೆ ಒಂದು ಮೀನಿನ ಹೆಸರಲ್ಲಿ ಪರದೇಶದ ಹಣ ಬರತೊಡಗಿತು.

ಈ ಶಿಬಿರಗಳ ಕಟ್ಟಳೆ ಆ ಕಾಲಕ್ಕೆ ಮುಂದುವರಿದದ್ದು. ಹಿಡಿದ ಮೀನನ್ನು ತೂಗಿ, ಅಳೆದು, ಚಿತ್ರ ತೆಗೆದು ಜೀವಂತ ಬಿಡಬೇಕು. ದಿನಕ್ಕೆ ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು ಎಂಬುದು ಪುಸ್ತಕಕ್ಕೆ ಏರಬೇಕು. ಗಾಳದ ತುದಿಗೆ ಬಹುಮಟ್ಟಿಗೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ಸುತ್ತಾಡಲು ಹರಿಗೋಲು, ದಾರಿ ತೋರಲು ಊರಿನ ಗೈಡುಗಳು. ಹೊಳೆಯ ಪ್ರತಿ ಮಡುವನ್ನೂ ಬಲ್ಲ ಈ ಗೈಡುಗಳಲ್ಲಿ ಕೆಲವರು ಮೊದಲು ಕದ್ದು ಮೀನು ಹೊಡೆಯುತ್ತಿದ್ದವರೇ. ಬದುಕಿರುವ ಒಂದು ದೊಡ್ಡ ಮೀನು ವರ್ಷ ವರ್ಷವೂ ಕೂಲಿ ತರುತ್ತದೆ, ಸತ್ತದ್ದು ಒಂದೇ ಸಲ ಎಂಬ ಲೆಕ್ಕ ಅವರನ್ನು ಕಾವಲುಗಾರರನ್ನಾಗಿಸಿತು. 1987ರಲ್ಲಿ ಸುಮಾರು 510 ಚದರ ಕಿಲೋಮೀಟರ್ ವಿಸ್ತಾರದ ಕಾವೇರಿ ವನ್ಯಧಾಮ ಘೋಷಣೆಯಾಯಿತು. ಮುಂದೆ ಅದು ಸಾವಿರ ಚದರ ಕಿಲೋಮೀಟರ್ ದಾಟಿ ಬೆಳೆಯಿತು. ಹೀಗೆ ಒಂದೇ ಹೊಳೆಯ ಮೇಲೆ ಎರಡು ವ್ಯವಸ್ಥೆಗಳು ಕೂತವು: ಒಂದು ಆನೆ, ಚಿರತೆ, ದೈತ್ಯ ಅಳಿಲುಗಳ ಕಾಡಿನದು, ಇನ್ನೊಂದು ಗಾಳದ ಆಟದ್ದು. ಎರಡರ ನಡುವಿನ ಗೆರೆ ಎಲ್ಲಿ ಎಂದು ಎರಡು ದಶಕ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಇಷ್ಟರಲ್ಲಿ ಕಥೆಯ ನಿರ್ಣಾಯಕ ತಿರುವು ಸದ್ದಿಲ್ಲದೆ ನಡೆದುಹೋಗಿತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಬಳಿ ಸಿ.ವಿ. ಕುಲಕರ್ಣಿ, ಎಸ್.ಎನ್. ಓಗಲೆ ಮೊದಲಾದವರು ಮಹಶೀರ್‌ನ ಕೃತಕ ಸಂತಾನೋತ್ಪತ್ತಿಯಲ್ಲಿ ಗೆದ್ದಿದ್ದರು. ದೇಶದಲ್ಲೆಲ್ಲ ಮಹಶೀರ್ ಕುಸಿಯುತ್ತಿದ್ದ ಹೊತ್ತಿನಲ್ಲಿ ಅದು ದೊಡ್ಡ ಸಾಧನೆ. ಅಲ್ಲಿ ಬೆಳೆಸುತ್ತಿದ್ದ ಮುಖ್ಯ ಜಾತಿ ನೀಲಿರೆಕ್ಕೆಯ ಮಹಶೀರ್, 1839ರಲ್ಲಿ ಪ್ರಕೃತಿತಜ್ಞ ಸೈಕ್ಸ್ ಪುಣೆಯ ಹತ್ತಿರದ ಹೊಳೆಯ ಮೀನೆಂದು ವರ್ಣಿಸಿದ ಟಾರ್ ಖುದ್ರೀ. 1976ರಿಂದ ಅದರ ಮರಿಗಳು ಕಾವೇರಿಯನ್ನು ಸೇರತೊಡಗಿದವು. ಮೀನುಗಾರಿಕಾ ಇಲಾಖೆಗೆ ಮೀನುಮರಿ ಬಿತ್ತನೆ ಎಂದರೆ ಉತ್ಪಾದನೆ ಹೆಚ್ಚಿಸುವ ಕೆಲಸ. ಗಾಳದ ಸಂಘಕ್ಕೆ ಅದು ಸಂರಕ್ಷಣೆ. ಶಿಬಿರಕ್ಕೆ ಅದು ಬರುವ ವರ್ಷದ ಅತಿಥಿಗಳಿಗೆ ಭರವಸೆ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿತ್ತೋಣ ಎಂಬ ಸರಳ ತರ್ಕದಲ್ಲಿ ಯಾವ ಮಹಶೀರ್ ಎಂಬ ಪ್ರಶ್ನೆ ಮುಳುಗಿತು. ಕಾವೇರಿಯ ಸ್ವಂತ ಮೀನು ಬೇರೆಯದು: ಬೆನ್ನ ಮೇಲೆ ಎದ್ದು ಕಾಣುವ ಡುಬ್ಬ, ಕಿತ್ತಳೆ ಬಣ್ಣದ ಈಜುರೆಕ್ಕೆ. 120 ಪೌಂಡಿನ ದಾಖಲೆಗೆ ಬೆಳೆಯಬಲ್ಲದ್ದು ಅದೇ ಎಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ನೋಡುವ ಕಣ್ಣಿಗೆ ಎರಡೂ ಬೇರೆ. ಬಿತ್ತನೆಯ ಪಟ್ಟಿಯಲ್ಲಿ ಎರಡೂ ಒಂದೇ.

2010ರ ಆಸುಪಾಸಿನಲ್ಲಿ ಕಾನೂನು ಎಚ್ಚೆತ್ತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29ನೇ ಸೆಕ್ಷನ್ ಪ್ರಕಾರ ವನ್ಯಧಾಮದೊಳಗಿನ ಯಾವ ವನ್ಯಜೀವಿಯನ್ನೂ ನಾಶ ಮಾಡುವುದಾಗಲಿ, ಬಳಸಿಕೊಳ್ಳುವುದಾಗಲಿ, ತೆಗೆದೊಯ್ಯುವುದಾಗಲಿ ನಿಷಿದ್ಧ. ವನ್ಯಜೀವಿಗಳ ಒಳಿತಿಗೆ ಬೇಕೆಂದಾಗ ಮಾತ್ರ ಪರವಾನಗಿ. ರಾಷ್ಟ್ರೀಯ ಉದ್ಯಾನಗಳಿಗೆ ಅನ್ವಯಿಸುವ 35ನೇ ಸೆಕ್ಷನ್‌ನ ಭಾಷೆಯೂ ಇಂಥದ್ದೇ. 2002ರ ತಿದ್ದುಪಡಿ ಪ್ರಾಣಿ ಎಂಬುದರ ವ್ಯಾಖ್ಯೆಯಲ್ಲಿ ಮೀನನ್ನು ಹೆಸರಿಸಿಯೇ ಸೇರಿಸಿತ್ತು. ಹಾಗಾಗಿ ಹುಲಿಗೆ ಬಲೆ ಒಡ್ಡಿ ಹಿಡಿದು ಬಿಡುವ ಆಟವನ್ನು ಯಾರೂ ಒಪ್ಪದಿರುವಾಗ ಮೀನಿಗೆ ಮಾತ್ರ ಬೇರೆ ನ್ಯಾಯವೇಕೆ ಎಂಬ ವಾದ ಬಲವಾಯಿತು. ಎದುರು ವಾದವೂ ಇತ್ತು: ಮಹಶೀರ್ ಆಗ ಕಾಯಿದೆಯ ಅನುಸೂಚಿಗಳಲ್ಲೇ ಇರಲಿಲ್ಲ, ಆದ್ದರಿಂದ ಅದನ್ನು ಹಿಡಿಯುವುದು ಕಾಯಿದೆಯ ಅರ್ಥದ ಬೇಟೆಯಲ್ಲ, ಹಿಡಿದು ಬಿಟ್ಟದ್ದು ತೆಗೆದೊಯ್ದಂತೆಯೂ ಅಲ್ಲ. ಅರಣ್ಯ ಇಲಾಖೆ ಮೊದಲ ವಾದವನ್ನು ಹಿಡಿಯಿತು. 2012ರ ಹೊತ್ತಿಗೆ ವನ್ಯಧಾಮದೊಳಗೆ ಗಾಳದ ಆಟ ನಿಂತಿತು. ಅದೇ 29ನೇ ಸೆಕ್ಷನ್ ವನ್ಯಧಾಮದ ಒಳಹೊರಗಿನ ನೀರಿನ ಹರಿವನ್ನು ತಿರುಗಿಸುವುದನ್ನು, ತಡೆಯುವುದನ್ನು, ಹೆಚ್ಚಿಸುವುದನ್ನೂ ನಿಷೇಧಿಸುತ್ತದೆ. ಗಾಳದ ವಿಷಯದಲ್ಲಿ ಅಕ್ಷರ ಅಕ್ಷರ ಓದಿದ ಆ ಸೆಕ್ಷನ್‌ನ ನೀರಿನ ಸಾಲು ಮಾತ್ರ ಚರ್ಚೆಯಲ್ಲಿ ಸುಳಿಯಲೇ ಇಲ್ಲ.

ಆಟ ನಿಂತ ಮೇಲೆ ಆಟದ ಲೆಕ್ಕಪುಸ್ತಕ ಬಾಯಿಬಿಟ್ಟಿತು. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಸೇರಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳ, 6,161 ಮಹಶೀರ್. ಮೇಲ್ನೋಟಕ್ಕೆ ಇದು ಯಶಸ್ಸಿನ ಕಥೆ: ಒಟ್ಟು ಮೀನಿನ ಸಂಖ್ಯೆ ಕಾಲಕ್ರಮದಲ್ಲಿ ಏರಿತ್ತು. ಆದರೆ ಬಣ್ಣ ನೋಡಿ ಬೇರೆ ಬೇರೆ ಎಣಿಸಿದಾಗ ಚಿತ್ರ ಬದಲಾಯಿತು. ಏರಿದ್ದು ನೀಲಿರೆಕ್ಕೆಯದು. ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಗಿತ್ತು. ಸಿಕ್ಕವುಗಳ ಸರಾಸರಿ ತೂಕ ಮಾತ್ರ ಹೆಚ್ಚುತ್ತಿತ್ತು. ದೊಡ್ಡ ಮೀನು ಸಿಕ್ಕಿತೆಂದು ಗಾಳಗಾರ ಹಿಗ್ಗುವ ಸುದ್ದಿಯೇ ಇಲ್ಲಿ ಅಪಶಕುನ: ಮರಿಗಳು ಹುಟ್ಟಿ ಬೆಳೆದು ಸೇರುತ್ತಿಲ್ಲ, ಮುದಿ ಮೀನುಗಳಷ್ಟೇ ಉಳಿದಿವೆ ಎಂದು ಅದರ ಅರ್ಥ. ಮಕ್ಕಳಿಲ್ಲದ ಊರಿನಲ್ಲಿ ಸರಾಸರಿ ವಯಸ್ಸು ಏರಿದ ಹಾಗೆ. ಮಹಶೀರ್ ಎಂಬ ಒಂದೇ ಶೀರ್ಷಿಕೆಯ ಅಡಿ ಲೆಕ್ಕ ಬರೆದಿದ್ದರೆ ಈ ಕುಸಿತ ಕಾಣುತ್ತಲೇ ಇರಲಿಲ್ಲ. ಒಂದು ಜಾತಿಯ ಏರಿಕೆ ಇನ್ನೊಂದರ ಇಳಿಕೆಯನ್ನು ಮುಚ್ಚಿಬಿಡುತ್ತಿತ್ತು.

ಇಲ್ಲಿ ವಿದ್ವಾಂಸರ ನಡುವಿನ ವಾದಗಳನ್ನೂ ಹೇಳಬೇಕು. ಡುಬ್ಬದ ಮೀನನ್ನು ಬಹುಕಾಲ ‘ಟಾರ್ ಮುಸುಲ್ಲಾ’ ಎಂದು ಕರೆಯುತ್ತಿದ್ದರು. ಸೈಕ್ಸ್ ಆ ಹೆಸರು ಕೊಟ್ಟದ್ದು ಕೃಷ್ಣಾ ಕಣಿವೆಯ ಬೇರೆಯೇ ಮೀನಿಗೆ ಎಂದು ಮುಂದೆ ತೋರಿಸಲಾಯಿತು. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳಿಂದ ವರ್ಣಿಸಿದ್ದ, ಪ್ರಾಣಿಶಾಸ್ತ್ರಜ್ಞೆ ಕೆ. ರೆಮಾ ದೇವಿ ಅವರ ಗೌರವಾರ್ಥ ಹೆಸರಿಟ್ಟ ಜಾತಿಯೂ ಕಾವೇರಿಯ ದೈತ್ಯವೂ ಒಂದೇ ಎಂದು 2018ರ ಅಧ್ಯಯನ ವಂಶವಾಹಿ ಮತ್ತು ದೇಹರಚನೆಯ ಆಧಾರದಲ್ಲಿ ಹೇಳಿತು. ನೀಲಿರೆಕ್ಕೆ ಕಾವೇರಿಗೆ ಪೂರ್ತಿ ಹೊರಗಿನದೇ ಎಂಬುದನ್ನೂ ಎಲ್ಲರೂ ಒಂದೇ ಸ್ವರದಲ್ಲಿ ಒಪ್ಪುವುದಿಲ್ಲ. ಹಳೆಯ ಪಟ್ಟಿಗಳಲ್ಲಿ ಅದರ ಹೆಸರು ಕಾವೇರಿಯೊಂದಿಗೆ ಕೂಡಿ ಬರುವುದುಂಟು. ಡುಬ್ಬದ ಮೀನಿನ ಅವನತಿಗೆ ನೀಲಿರೆಕ್ಕೆಯೊಂದೇ ಕಾರಣ ಎನ್ನುವುದಕ್ಕೂ ನೇರ ಸಾಕ್ಷಿ ಇಲ್ಲ. ಅಣೆಕಟ್ಟು, ತೋಟೆ, ಮರಳುಗಾರಿಕೆ, ಮಲಿನ ನೀರು ಎಲ್ಲವೂ ಕೂಡಿಯೇ ಕೆಲಸ ಮಾಡಿವೆ. ಆದರೆ ಈ ಎಲ್ಲ ಕಷ್ಟಗಳ ನಡುವೆಯೂ ಅದೇ ನೀರಿನಲ್ಲಿ ನೀಲಿರೆಕ್ಕೆ ಹೆಚ್ಚುತ್ತಾ ಹೋಯಿತು ಎಂಬುದನ್ನು ಮರೆಯುವಂತಿಲ್ಲ. ಪ್ರಕೃತಿ ಸಂರಕ್ಷಣಾ ಒಕ್ಕೂಟದ 2018ರ ಮೌಲ್ಯಮಾಪನದಲ್ಲಿ ನೀಲಿರೆಕ್ಕೆಯನ್ನು ಅಪಾಯವಿಲ್ಲದ ಜಾತಿಗಳ ಸಾಲಿಗೆ ಇಳಿಸಿ, ಡುಬ್ಬದ ಮೀನನ್ನು ಅಳಿವಿನ ಅಂಚಿಗೆ ಏರಿಸಿದ್ದು ಈ ಎರಡು ಹಾದಿಗಳಿಗೆ ಅಧಿಕೃತ ಮುದ್ರೆ. ಮಹಶೀರ್ ಉಳಿಸಿದೆವು ಎಂಬ ಮಾತು ಒಟ್ಟು ಲೆಕ್ಕದಲ್ಲಿ ನಿಜ, ಕಾವೇರಿಯ ಮಹಶೀರ್‌ನ ಮಟ್ಟಿಗೆ ಸುಳ್ಳು.

ಇದು ನಮ್ಮಲ್ಲಷ್ಟೇ ನಡೆದ ಎಡವಟ್ಟಲ್ಲ. 1872ರಲ್ಲಿ ಹುಟ್ಟಿದ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಬೇಟೆಯನ್ನು ಬೇಗನೆ ನಿಲ್ಲಿಸಿದರೂ ಗಾಳವನ್ನು ಉಳಿಸಿಕೊಂಡಿತು. 1889ರಿಂದ ಸೇನಾಧಿಕಾರಿಗಳ ಉಸ್ತುವಾರಿಯಲ್ಲೇ ಮೀನಿಲ್ಲದ ಹೊಳೆ, ಕೆರೆಗಳಿಗೆ ಹೊರಗಿನ ಟ್ರೌಟ್‌ಗಳನ್ನು ಬಿತ್ತಿತು. ಲೂಯಿಸ್ ಕೆರೆಗೆ ಬಿಟ್ಟ ಲೇಕ್ ಟ್ರೌಟ್ ನೂರು ವರ್ಷದ ಮೇಲೆ, 1994ರಲ್ಲಿ, ಯೆಲ್ಲೊಸ್ಟೋನ್ ಸರೋವರದಲ್ಲಿ ಕಾಣಿಸಿತು. ಯಾರೋ ಕದ್ದು ತಂದು ಬಿಟ್ಟಿದ್ದರು. ಅದು ಅಲ್ಲಿನ ಸ್ವಂತ ಮೀನಾದ ಕಟ್‌ಥ್ರೋಟ್ ಟ್ರೌಟನ್ನು ತಿಂದು ಹಾಕಿತು. 1978ರಲ್ಲಿ ಕ್ಲಿಯರ್ ಕ್ರೀಕ್ ಎಂಬ ತೊರೆಗೆ ಮೊಟ್ಟೆಯಿಡಲು ಹತ್ತಿದ್ದ ಕಟ್‌ಥ್ರೋಟ್‌ಗಳು ಸುಮಾರು 70 ಸಾವಿರ. 2007ರಲ್ಲಿ ಕೆಲವೇ ನೂರು. ಆ ಮೀನನ್ನು ನೆಚ್ಚಿದ್ದ ಕರಡಿ, ಹಕ್ಕಿಗಳಿಗೂ ಪೆಟ್ಟು ಬಿತ್ತು. ಮುಂದೆ ಉದ್ಯಾನ ಹಿಡಿದ ದಾರಿ ಗಮನಾರ್ಹ. ಗಾಳವನ್ನು ನಿಷೇಧಿಸಲಿಲ್ಲ, ನಿಯಮವನ್ನು ಜಾತಿಯ ಪ್ರಕಾರ ಸೀಳಿತು. ಸ್ವಂತ ಮೀನು ಸಿಕ್ಕರೆ ಬಿಡಲೇಬೇಕು, ಸರೋವರದಲ್ಲಿ ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ಜತೆಗೆ ಬಲೆ ಹಾಕಿ ಇದುವರೆಗೆ 40 ಲಕ್ಷಕ್ಕೂ ಮೀರಿ ಲೇಕ್ ಟ್ರೌಟ್‌ಗಳನ್ನು ಹೊರತೆಗೆದಿದೆ. ಕಟ್‌ಥ್ರೋಟ್ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಕಾವೇರಿಯ ಶಿಬಿರಗಳಲ್ಲಿ ನೀಲಿರೆಕ್ಕೆಯನ್ನೂ ಡುಬ್ಬದ ಮೀನನ್ನೂ ಒಂದೇ ಪ್ರೀತಿಯಿಂದ ಮುತ್ತಿಟ್ಟು ನೀರಿಗೆ ಬಿಡುತ್ತಿದ್ದುದನ್ನು ಇದರೊಂದಿಗೆ ಹೋಲಿಸಿ ನೋಡಿದರೆ, ಕೊರತೆ ಇದ್ದದ್ದು ಕರುಣೆಯಲ್ಲಲ್ಲ, ವಿವೇಚನೆಯಲ್ಲಿ ಎಂದು ತಿಳಿಯುತ್ತದೆ.

ಹಾಗಾದರೆ ನಿಷೇಧ ತಪ್ಪೇ? ಪಿಂಡರ್ ಮತ್ತು ರಾಘವನ್ 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಗಾಳದ ಆಟ ಮಹಶೀರ್‌ಗೆ ಉಪಕಾರ ಮಾಡಿತ್ತೆಂದೇ ವಾದಿಸಿದರು: ಶಿಬಿರ ಹೋದ ಮೇಲೆ ಕಾವಲು ಹೋಯಿತು, ಊರವರ ಕೂಲಿ ಹೋಯಿತು, ತೋಟೆಗೆ ಬಾಗಿಲು ತೆರೆಯಿತು. ಇದಕ್ಕೆ ಮೂರು ಆಕ್ಷೇಪಗಳಿವೆ, ಮೂರೂ ತಳ್ಳಿಹಾಕುವಂಥವಲ್ಲ. ಮೊದಲನೆಯದು ಹಿಂಸೆಯದು. ಮೋಜಿಗಾಗಿ ಕೊಂಡಿ ಚುಚ್ಚಿ, ದಣಿಸಿ, ಬಿಟ್ಟುಬಿಡುವುದು ಯಾವ ಸಂರಕ್ಷಣೆ? ದಣಿದ ಮೀನು ಬೇಸಿಗೆಯ ಬಿಸಿನೀರಿನಲ್ಲಿ ಸತ್ತೂ ಹೋಗಬಹುದು. ಇದು ನಿಜ, ಆದರೆ ಈ ಆಕ್ಷೇಪ ಗಾಳದ ಆಟದ ನೀತಿಯನ್ನು ಅಳೆಯುತ್ತದೆಯೇ ಹೊರತು ಜಾತಿಯ ಉಳಿವನ್ನಲ್ಲ. ಗಾಳದ ಗಾಯಕ್ಕೆ ಡುಬ್ಬದ ಮೀನು ಅಳಿದಿದ್ದರೆ ಅದೇ ಗಾಳಕ್ಕೆ ಸಿಕ್ಕಿ, ಅದೇ ರೀತಿ ಬಿಡುಗಡೆಯಾದ ನೀಲಿರೆಕ್ಕೆಯೂ ಅಳಿಯಬೇಕಿತ್ತು. ಎರಡನೆಯದು ನ್ಯಾಯದ್ದು, ಮೂರರಲ್ಲಿ ಹೆಚ್ಚು ತೂಕದ್ದು. ಹೊಳೆಯ ದಡದಲ್ಲಿ ಹುಟ್ಟಿದವನು ಸಾರಿಗೆ ಬಲೆ ಬೀಸಿದರೆ ಕಳ್ಳ, ವಿಮಾನ ಏರಿ ಬಂದವನು ದುಡ್ಡು ಕೊಟ್ಟು ಗಾಳ ಹಾಕಿದರೆ ಅತಿಥಿ ಎಂಬ ಏರ್ಪಾಡನ್ನು ಸಂರಕ್ಷಣೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಸಂಸ್ಥಾನದ ಕಾಲದ ಬೇಟೆಯ ಕಾನೂನಿನ ನೆರಳು ಇಲ್ಲಿ ಉದ್ದಕ್ಕೂ ಚಾಚಿದೆ. ಆದರೆ ನಿಷೇಧ ಆ ಅನ್ಯಾಯವನ್ನು ನೀಗಿಸಲಿಲ್ಲ. ಅತಿಥಿ ಹೋದನು, ಊರವನಿಗೆ ಬಲೆಯ ಹಕ್ಕು ಬರಲಿಲ್ಲ, ಗೈಡಿನ ಕೆಲಸವೂ ಹೋಯಿತು.

ಮೂರನೆಯ ಆಕ್ಷೇಪ ಸಾಕ್ಷಿಯದು. ಗಾಳದ ಪರವಾದ ಪುರಾವೆ ಗಾಳಗಾರರ ಪುಸ್ತಕದ್ದೇ. ಅವರ ಲೆಕ್ಕವನ್ನು ನಂಬುವುದೆಂತು? ವಿಚಿತ್ರವೆಂದರೆ ಆ ಪುಸ್ತಕ ಗಾಳಗಾರರ ಹೆಮ್ಮೆಯನ್ನೇ ಕೆಡವಿತು. ತಾವು ಉಳಿಸಿದೆವೆಂದು ಅವರು ನಂಬಿದ್ದ ಮೀನು ತಮ್ಮ ಕಣ್ಣೆದುರೇ ಅಳಿಯುತ್ತಿತ್ತು, ತಾವು ಪ್ರೀತಿಯಿಂದ ಬೆಂಬಲಿಸಿದ ಬಿತ್ತನೆಯೇ ಅದರ ಜಾಗ ತುಂಬುತ್ತಿತ್ತು ಎಂದು ಅದೇ ಅಂಕಿಗಳು ಹೇಳಿದವು. ತನ್ನ ಒಡೆಯನ ವಿರುದ್ಧ ನುಡಿಯುವ ಸಾಕ್ಷಿಗೆ ಬೆಲೆ ಹೆಚ್ಚು. ಹದಿನೈದು ವರ್ಷ ಒಂದೇ ನೀರಿನಲ್ಲಿ, ಗಂಟೆಗಳ ಲೆಕ್ಕ ಇಟ್ಟು, ಮೀನು ಎಣಿಸಿದ ಇನ್ನೊಂದು ದಾಖಲೆ ಕಾವೇರಿಯ ಆ ಕಣಿವೆಗೆ ಇರಲಿಲ್ಲ. ಅಂದರೆ ಗಾಳದವರು ಹೇಳಿಕೊಂಡಷ್ಟು ದೊಡ್ಡ ರಕ್ಷಕರೂ ಅಲ್ಲ, ನಿಷೇಧ ಬಯಸಿದವರು ಚಿತ್ರಿಸಿದಷ್ಟು ದೊಡ್ಡ ಭಕ್ಷಕರೂ ಅಲ್ಲ. ಅವರಿಂದ ಆದ ನಿಜವಾದ ಉಪಕಾರ ಎಣಿಕೆ. ಅವರು ಕೈಜೋಡಿಸಿದ ನಿಜವಾದ ಅಪಕಾರ ಬಿತ್ತನೆ. ನಿಷೇಧ ಎಣಿಕೆಯನ್ನು ನಿಲ್ಲಿಸಿತು. ಈಗಾಗಲೇ ಹೊಳೆ ಸೇರಿ ಬೇರೂರಿದ ನೀಲಿರೆಕ್ಕೆಯನ್ನಾಗಲಿ, ಮೇಲಿನ ತೂಬುಗಳನ್ನಾಗಲಿ ಅದು ಮುಟ್ಟಲಿಲ್ಲ.

ಇಂದು ಡುಬ್ಬದ ಮಹಶೀರ್‌ನ ಉಳಿದ ಆಸೆ ಹೆಚ್ಚಾಗಿ ಮೊಯಾರ್‌ನಂಥ ಉಪನದಿಗಳಲ್ಲಿದೆ. ಬಂಡೀಪುರ, ಮುದುಮಲೆಗಳ ನಡುವಿನ ಕೊರಕಲಿನಲ್ಲಿ ಹರಿಯುವ ಆ ಹೊಳೆಯನ್ನು ಹುಲಿಗಾಗಿ ಮಾಡಿದ ಕಾವಲು ಕಾಯುತ್ತಿದೆ. ಮೀನಿಗೆ ಅದರ ಲಾಭ ಅನಾಯಾಸವಾಗಿ ಸಿಕ್ಕಿದೆ. ಅನಾಯಾಸದ ರಕ್ಷಣೆಯನ್ನು ನೆಚ್ಚಿ ಕೂರುವಂತಿಲ್ಲ. ಕಾವೇರಿಯ ಮುಖ್ಯ ಹರಿವಿನಲ್ಲಿ ಮೇಕೆದಾಟು ಬಳಿ ಸುಮಾರು 67 ಟಿಎಂಸಿ ಅಡಿ ನೀರು ನಿಲ್ಲಿಸುವ ಯೋಜನೆ ಎರಡು ರಾಜ್ಯಗಳ ವ್ಯಾಜ್ಯವಾಗಿ ಮುಂದುವರಿದಿದೆ. ಬೆಂಗಳೂರಿನ ಕುಡಿಯುವ ನೀರಿನ ಹಸಿವು ಸುಳ್ಳಲ್ಲ. ಆದರೆ ಆ ಹಿನ್ನೀರು ನಿಲ್ಲುವುದು ಬಹುಪಾಲು ಕಾವೇರಿ ವನ್ಯಧಾಮದೊಳಗೆ, ಹರಿವ ನೀರಿನ ಮೀನಿಗೆ ಉಳಿದಿದ್ದ ಕಣಿವೆಯಲ್ಲೇ. ಒಂದು ಕೊಂಡಿಯನ್ನು ಸಹಿಸದ ವನ್ಯಧಾಮ ಒಂದು ಜಲಾಶಯವನ್ನು ಸಹಿಸುವುದಾದರೆ, ಆ ಕಾನೂನು ಕಾಯುತ್ತಿರುವುದು ಏನನ್ನು ಎಂದು ಕೇಳುವ ಹಕ್ಕು ನಾಗರಿಕರಿಗಿದೆ.

ಈ ನೂರೈವತ್ತು ವರ್ಷಗಳ ಅನುಭವದಿಂದ ಹೊರಡುವ ನಿಯಮ ಸಂಕೀರ್ಣವೇನಲ್ಲ. ಮೊದಲು ಜಾತಿಯನ್ನು ಹೆಸರಿಸಿ ರಕ್ಷಿಸಬೇಕು. ಮಹಶೀರ್ ಎಂಬ ಗುಂಪಿನ ಹೆಸರಲ್ಲಿ ಕಾಯುವುದು ಯಾವುದನ್ನೂ ಕಾಯದಂತೆ. ಒಂದು ಕಣಿವೆಯ ಮೀನನ್ನು ಇನ್ನೊಂದು ಕಣಿವೆಗೆ ಬಿತ್ತುವುದನ್ನು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ತೋಟೆ ಹಾಕಿದಷ್ಟೇ ಗಂಭೀರವಾಗಿ ತಡೆಯಬೇಕು. ಮೊಟ್ಟೆಯಿಡುವ ತಿಂಗಳುಗಳಲ್ಲಿ ಅಣೆಕಟ್ಟುಗಳಿಂದ ಎಷ್ಟು ನೀರು, ಹೇಗೆ ಬಿಡಬೇಕೆಂಬುದು ನೀರು ಹಂಚಿಕೆಯ ಮಾತಿನಲ್ಲೇ ಸೇರಬೇಕು. ಇಷ್ಟಾದ ಮೇಲೆ ಗಾಳಕ್ಕೆ ಅನುಮತಿ ಕೊಡಬೇಕೇ ಎಂಬುದು ಚಿಕ್ಕ ಪ್ರಶ್ನೆ. ಕೊಡುವುದಾದರೆ ಅದು ವಿಜ್ಞಾನಿಗಳ ಎಣಿಕೆಗೆ ಅಧೀನವಾಗಿ, ಊರವರ ಕೈಯಲ್ಲಿ ಆಡಳಿತವಿಟ್ಟು, ವನ್ಯಜೀವಿಯ ಒಳಿತಿಗೆ ಬೇಕಾದರೆ ಮಾತ್ರ ಎಂಬ 29ನೇ ಸೆಕ್ಷನ್‌ನ ಷರತ್ತಿನ ಒಳಗೇ ನಡೆಯಬೇಕು. ಕೊಡದಿದ್ದರೆ ಎಣಿಕೆಯ ಹೊಣೆಯನ್ನು ಇಲಾಖೆಯೇ ಹೊರಬೇಕು. ಕಾವೇರಿಯಲ್ಲಿ ಎರಡೂ ಆಗಲಿಲ್ಲ. ಗಾಳವನ್ನು ತೆಗೆದು ಸಂರಕ್ಷಣೆ ಮುಗಿಯಿತೆಂದು ಬಗೆದ ಆಡಳಿತವೂ, ಗಾಳ ಮರಳಿದರೆ ಮೀನು ಮರಳುತ್ತದೆಂದು ನಂಬಿರುವ ಆಟದವರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಿದ್ದಾರೆ. ಇವರಿಬ್ಬರ ಜಗಳದಲ್ಲಿ ಯಾರು ಗೆದ್ದರೂ, ಹೊಳೆಯಲ್ಲಿ ಯಾವ ಮೀನಿದೆ ಎಂದು ಎಣಿಸುವವರಿಲ್ಲದಿದ್ದರೆ, ಡುಬ್ಬದ ಮಹಶೀರ್ ಸೋತದ್ದು ನಮಗೆ ತಿಳಿಯುವುದೂ ಇಲ್ಲ.